ಉತ್ತರ ಒಪ್ಪಿಸುವ ತಾಣ, ಪ್ರಶ್ನೆ ಉಳಿಸುವ ತಾಣ

ಸಂಜೆಯ ಜಪಸರ ಮುಗಿದೊಡನೆ ಪಠ್ಯಪುಸ್ತಕ ತೆರೆಯುತ್ತಿದ್ದ ಮಕ್ಕಳು ಇಂದು ಮೊಬೈಲ್ ತೆರೆಯುತ್ತಾರೆ. ಅದನ್ನು ದೂರುವುದು ನಮ್ಮ ಉದ್ದೇಶವಲ್ಲ. ಸುಸಜ್ಜಿತ ಪ್ರಯೋಗಾಲಯವಿಲ್ಲದ ಶಾಲೆಯ ಮಗುವಿಗೆ ಅಂತರ್ಜಾಲದ ವಿಜ್ಞಾನಪಾಠ ದೊಡ್ಡ ನೆರವೇ ಸರಿ. ಆದರೆ ಈ ಪಾಠಗಳು ಮಕ್ಕಳಿಗೆ ವಿಜ್ಞಾನದ ಉತ್ತರಗಳನ್ನಷ್ಟೇ ಒಪ್ಪಿಸುತ್ತಿವೆಯೋ, ಉತ್ತರವನ್ನು ಅರಸುವ ಬಗೆಯನ್ನೂ ಕಲಿಸುತ್ತಿವೆಯೋ ಎಂಬುದನ್ನು ಹೆತ್ತವರಾದ ನಾವು ಪರೀಕ್ಷಿಸಿದ್ದೇವೆಯೇ?

ಪರೀಕ್ಷಿಸಲು ಅಳತೆಗೋಲೊಂದು ಬೇಕು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು 2000ದಲ್ಲಿ ಪ್ರಕಟಿಸಿದ ಗ್ರಂಥವೊಂದು ವೈಜ್ಞಾನಿಕ ಅನ್ವೇಷಣೆಯ ಐದು ಲಕ್ಷಣಗಳನ್ನು ಹೇಳುತ್ತದೆ. ಕಲಿಯುವವನು ಪ್ರಶ್ನೆಯಲ್ಲಿ ತೊಡಗಬೇಕು, ಸಾಕ್ಷ್ಯಕ್ಕೆ ಮನ್ನಣೆ ನೀಡಬೇಕು, ಸಾಕ್ಷ್ಯದಿಂದ ವಿವರಣೆ ಕಟ್ಟಬೇಕು, ಅದನ್ನು ತಿಳಿದ ವಿಜ್ಞಾನದೊಡನೆ ಹೋಲಿಸಬೇಕು, ಕೊನೆಗೆ ಇತರರ ಮುಂದೆ ಸಮರ್ಥಿಸಬೇಕು. ಈ ಐದರಲ್ಲಿ ಎಷ್ಟನ್ನು ಮಗು ಮಾಡುತ್ತದೆ, ಎಷ್ಟನ್ನು ತಾಣವೇ ಮಾಡಿ ಮುಗಿಸುತ್ತದೆ ಎಂಬುದೇ ಮುಖ್ಯ.

ಲೋಲಕದ ಪಾಠವನ್ನೇ ನೋಡೋಣ. ಪೀಸಾ ನಗರದ ಪ್ರಧಾನಾಲಯದಲ್ಲಿ ತೂಗಾಡುತ್ತಿದ್ದ ದೀಪವನ್ನು ಕಂಡು ಗೆಲಿಲಿಯೋ ಇದರ ನಿಯಮವನ್ನು ಊಹಿಸಿದನೆಂಬ ಕಥೆ ಪ್ರಸಿದ್ಧ. (ಈಗ ಅಲ್ಲಿರುವ ದೀಪವನ್ನು ತೂಗುಹಾಕಿದ್ದು ಕಥೆಯ ಕಾಲಕ್ಕಿಂತ ತರುವಾಯ, ಕಥೆಗಳನ್ನೂ ಪರೀಕ್ಷಿಸಬೇಕಷ್ಟೆ.) ಅಮೃತ ವಿಶ್ವವಿದ್ಯಾಪೀಠ ಮತ್ತು ಸಿ-ಡ್ಯಾಕ್ ಸಂಸ್ಥೆಗಳು ರೂಪಿಸಿದ ‘ಓಲ್ಯಾಬ್ಸ್’ ತಾಣದಲ್ಲಿ ಮೊದಲು ಸಿದ್ಧಾಂತ, ಆಮೇಲೆ ಕ್ರಮ, ಅನಂತರ ಪ್ರಯೋಗ. ಶಾಲೆಯ ಪ್ರಾಯೋಗಿಕ ಪರೀಕ್ಷೆಗೆ ಇದು ಉಪಯುಕ್ತ. ಆದರೆ ಸೂತ್ರವನ್ನು ಮೊದಲೇ ಓದಿದ ಮಗುವಿಗೆ ಪ್ರಯೋಗದಲ್ಲಿ ಕಂಡುಹಿಡಿಯಲು ಏನು ಉಳಿಯಿತು?

ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ‘ಫೆಟ್’ ಯೋಜನೆಯ ಲೋಲಕದಲ್ಲಿ ದಾರಿ ಬೇರೆ. ಅಲ್ಲಿ ಸೂಚನೆಗಳು ವಿರಳ. ದಾರದ ಉದ್ದ, ಗುಂಡಿನ ತೂಕ, ಗುರುತ್ವ ಎಲ್ಲವೂ ಮಗುವಿನ ಕೈಯಲ್ಲಿ. ಭೂಮಿ, ಚಂದ್ರ, ಗುರುಗ್ರಹಗಳ ಜೊತೆಗೆ ಹೆಸರಿಲ್ಲದ ಒಂದು ಗ್ರಹವೂ ಇದೆ. ಅದರ ಗುರುತ್ವವನ್ನು ಯಾರೂ ಹೇಳಿಕೊಡುವುದಿಲ್ಲ, ತೂಗಾಟವನ್ನು ಅಳೆದು ಮಗುವೇ ಕಂಡುಕೊಳ್ಳಬೇಕು. ಇನ್ನೊಂದು ಸ್ವಾರಸ್ಯವಿದೆ. ತೂಗಾಟದ ವಿಸ್ತಾರ ಎಷ್ಟಿದ್ದರೂ ಕಾಲ ಒಂದೇ ಎಂದು ಗೆಲಿಲಿಯೋ ನಂಬಿದ್ದ. ಒಂದು ಮೀಟರ್ ದಾರದ ಗುಂಡನ್ನು ಸ್ವಲ್ಪವೇ ಸರಿಸಿ ಬಿಟ್ಟರೆ ಒಂದು ತೂಗಾಟಕ್ಕೆ ಸುಮಾರು 2.01 ಸೆಕೆಂಡು, 60 ಡಿಗ್ರಿಯಷ್ಟು ಎಳೆದು ಬಿಟ್ಟರೆ ಸುಮಾರು 2.15. ಮಹಾವಿಜ್ಞಾನಿಯ ಮಾತನ್ನೂ ಅಳೆದು ನೋಡಬಹುದೆಂದು ಹತ್ತನೆಯ ತರಗತಿಯ ಬಾಲಕಿಗೆ ಗೊತ್ತಾಗುವುದು ಸಣ್ಣ ಸಂಗತಿಯಲ್ಲ. ಆದರೆ ಯಾರೂ ಪ್ರಶ್ನೆ ಹಾಕದಿದ್ದರೆ ಇದೇ ತಾಣ ಐದು ನಿಮಿಷದ ಆಟವಾಗಿಯೂ ಮುಗಿದೀತು.

ಎರಡಕ್ಕೂ ಸಮಾನವಾದ ಒಂದು ಕೊರತೆಯನ್ನು ಹೇಳಲೇಬೇಕು. ಪರದೆಯ ಮೇಲಿನ ಲೋಲಕಕ್ಕೆ ಗಾಳಿ ಬೀಸುವುದಿಲ್ಲ, ಗಂಟು ಸಡಿಲವಾಗುವುದಿಲ್ಲ. ಅದರ ಕಾಲಮಾಪಕ ಪ್ರತಿ ಬಾರಿಯೂ ಅದೇ ಅಂಕಿಯನ್ನು ತೋರಿಸುತ್ತದೆ. ಅಂಥ ಅಂಕಿಗಳನ್ನು ರೆಕಾರ್ಡ್ ಪುಸ್ತಕಕ್ಕೆ ಇಳಿಸಿ, ಪ್ರಯೋಗ ಮುಗಿಯಿತೆಂದು ಸಹಿ ಪಡೆಯುವ ಮಕ್ಕಳು ಸಾಕ್ಷ್ಯವೆಂದರೆ ಏನೆಂಬುದನ್ನೇ ತಿಳಿಯದೆ ಮುಂದಿನ ತರಗತಿಗೆ ಹೋಗುತ್ತಾರೆ. ಅಳತೆ ತಪ್ಪಿದಾಗ ತಪ್ಪಿತೆಂದು ಬರೆಯುವ ಪ್ರಾಮಾಣಿಕತೆಯೂ ಅವರಿಗೆ ಅಭ್ಯಾಸವಾಗುವುದಿಲ್ಲ.

ಆದುದರಿಂದ ಪರದೆಯಲ್ಲಿ ನೋಡಿದ ದಿನವೇ ಮನೆಯ ಪಡಸಾಲೆಯಲ್ಲಿ ದಾರಕ್ಕೊಂದು ಕಲ್ಲು ಕಟ್ಟಿ ತೂಗಬಿಡಿ. ಮೀಟರ್ ಉದ್ದದ ದಾರದಲ್ಲಿ ಹತ್ತು ತೂಗಾಟಗಳನ್ನು ತಂದೆ, ತಾಯಿ, ಮಗ ಬೇರೆಬೇರೆಯಾಗಿ ಎಣಿಸಲಿ. ಒಬ್ಬರಿಗೆ 19 ಸೆಕೆಂಡು, ಇನ್ನೊಬ್ಬರಿಗೆ 20, ಮತ್ತೊಬ್ಬರಿಗೆ 21 ಬಂದೀತು. ಯಾರ ಎಣಿಕೆ ಸರಿ ಎಂಬ ವಾದವನ್ನು ಊಟದ ಹೊತ್ತಾಯಿತೆಂದು ನಿಲ್ಲಿಸಬೇಡಿ.