ಕಿಟಕಿ ತೆಗೆಯಬೇಕೋ, ಮುಚ್ಚಬೇಕೋ?

ದಿಲ್ಲಿಯ ಕೋವಿಡ್ ಅಂಕಿಗಳನ್ನು ಕ್ಯಾಲೆಂಡರಿನ ಪಕ್ಕದಲ್ಲಿಟ್ಟು ನೋಡಿದರೆ, ಹವಾಮಾನದ ಬಗ್ಗೆ ನಾವೆಲ್ಲ ಆಗ ಆಡಿಕೊಂಡ ಮಾತು ತಲೆಕೆಳಗಾಗುತ್ತದೆ. ಮೊದಲ ಅಲೆ ತುದಿ ಮುಟ್ಟಿದ್ದು 2020ರ ಜೂನ್ 23ರಂದು, ಒಂದೇ ದಿನ 3,947 ಪ್ರಕರಣ. ಅದಕ್ಕೆ ನಾಲ್ಕು ವಾರ ಮುಂಚೆ ಪಾಲಂನಲ್ಲಿ 47.6 ಡಿಗ್ರಿ ದಾಖಲಾಗಿತ್ತು. ಎರಡನೆಯ ಅಲೆಯ ತುದಿ ಸೆಪ್ಟೆಂಬರ್ 16, ಮಳೆ ಹಿಂದೆ ಸರಿಯುವ ಮುನ್ನ ಮೈಯೆಲ್ಲ ಅಂಟಂಟಾಗುವ ಕಾಲ: 4,473. ಮೂರನೆಯದು ನವೆಂಬರ್ 11, ಹೊಗೆಯ ತಿಂಗಳು: 8,593. ನಾಲ್ಕನೆಯದು 2021ರ ಏಪ್ರಿಲ್ 20: 28,395. ಐದನೆಯದು 2022ರ ಜನವರಿ 13, ಕೊರೆಯುವ ಚಳಿ: 28,867. ಉರಿಬಿಸಿಲು, ಮಳೆಗಾಲದ ಬಾಲ, ಹೊಗೆ, ಬೇಸಿಗೆಯ ಬಾಗಿಲು, ಮಾಗಿ. ದಿಲ್ಲಿಯ ಯಾವ ಋತುವೂ ಬಾಕಿ ಉಳಿದಿಲ್ಲ.

ಊರಿನಿಂದ ಫೋನು ಮಾಡುವವರಿಗೆ ಮಾತ್ರ ಪ್ರತಿ ಋತುವಿನಲ್ಲೂ ಒಂದು ವಿವರಣೆ ಸಿದ್ಧವಿರುತ್ತಿತ್ತು. ಮೇ ತಿಂಗಳಲ್ಲಿ ಶಿವಮೊಗ್ಗದ ಚಿಕ್ಕಮ್ಮ, "ನಿಮ್ಮಲ್ಲಿಯ ಆ ಬಿಸಿಲಿಗೆ ಎಂಥಾ ರೋಗ ಉಳಿಯುತ್ತೋ, ಸುಟ್ಟೇ ಹೋಗುತ್ತೆ ಬಿಡು" ಅಂದರು. ಡಿಸೆಂಬರಿನಲ್ಲಿ ಅವರೇ, "ಅಲ್ಲಿ ಚಳಿ ಜಾಸ್ತಿ, ಹುಷಾರು" ಅಂದರು.

ಚಿಕ್ಕಮ್ಮನ ಮಾತು ಬುಡವಿಲ್ಲದ್ದೇನಲ್ಲ. ಪ್ಲೇಗಿನ ಕಾಲದಲ್ಲಿ ಉತ್ತರ ಭಾರತದಲ್ಲಿ ಬಿರುಬೇಸಿಗೆ ಬಂತೆಂದರೆ ಮಾರಿ ಇಳಿಯುತ್ತಿತ್ತು. ಇಲಿಯ ಮೈಮೇಲಿನ ಚಿಗಟ ಒಣ ಧಗೆಗೆ ಬದುಕುವುದಿಲ್ಲ. ಫ್ಲೂ ಜ್ವರಕ್ಕೂ ಅದರದೇ ಪಂಚಾಂಗ ಉಂಟು. ಶ್ರೀನಗರದಲ್ಲಿ ಅದು ಚಳಿಗಾಲದ್ದು, ದಿಲ್ಲಿಯಲ್ಲಿ ಮುಖ್ಯವಾಗಿ ಮಳೆಗಾಲದ್ದು, ಚೆನ್ನೈಯಲ್ಲಿ ಹಿಂಗಾರಿನದು. ಆದರೆ ಅವು ಹಳೆಯ ರೋಗಗಳು. ನಮ್ಮಲ್ಲಿ ಬಹಳ ಜನಕ್ಕೆ ಫ್ಲೂ ಮೊದಲೇ ಬಂದು ಹೋಗಿರುತ್ತದೆ, ಅದಕ್ಕೆ ಮೈಯಲ್ಲಿ ಸ್ವಲ್ಪ ತಡೆ ಇರುತ್ತದೆ. ಹಾಗಾಗಿ ಹವೆ ಕೊಂಚ ಅನುಕೂಲವಾದಾಗ ಮಾತ್ರ ಅದು ತಲೆ ಎತ್ತುತ್ತದೆ. 2020ರ ವೈರಸ್ಸಿಗೆ ನಾವೆಲ್ಲ ಒಣಹುಲ್ಲಿನ ಬಣವೆ. ಕಿಡಿ ಬಿದ್ದ ಮೇಲೆ ಅದು ಯಾವ ತಿಂಗಳೆಂದು ಬಣವೆ ಕೇಳುವುದಿಲ್ಲ.

ಎರಡು ಜನವರಿಗಳನ್ನೇ ನೋಡಿ. 2021ರ ಜನವರಿ 1ರ ಬೆಳಿಗ್ಗೆ ಸಫ್ದರ್‌ಜಂಗ್‌ನಲ್ಲಿ 1.1 ಡಿಗ್ರಿ. ಹದಿನೈದು ವರ್ಷಗಳಲ್ಲಿ ಅಷ್ಟು ಚಳಿಯ ಜನವರಿ ಬೆಳಗು ಬಂದಿರಲಿಲ್ಲ. ಆ ತಿಂಗಳಿಡೀ ದಿಲ್ಲಿಯ ಪ್ರಕರಣಗಳು ಇಳಿಯುತ್ತಲೇ ಹೋಗಿ, ಕೊನೆಯ ಹೊತ್ತಿಗೆ ದಿನಕ್ಕೆ ಇನ್ನೂರರ ಆಸುಪಾಸಿಗೆ ಬಂದವು. ಸರಿಯಾಗಿ ಒಂದು ವರ್ಷದ ನಂತರ, ಅದೇ ಜನವರಿ, ಅದೇ ರಜಾಯಿ, ಅದೇ ಶೇಂಗಾ ಗಾಡಿ, ದಿನಕ್ಕೆ ಇಪ್ಪತ್ತೆಂಟು ಸಾವಿರ. ನಡುವೆ ಬದಲಾದದ್ದು ವೈರಸ್ಸಿನ ರೂಪ, ಮೊದಲು ಡೆಲ್ಟಾ, ಆಮೇಲೆ ಓಮಿಕ್ರಾನ್. ಜೊತೆಗೆ ನಮ್ಮ ನಡವಳಿಕೆಯೂ ಬದಲಾಗಿತ್ತು.

ಹಾಗಾದರೆ ಹವೆಗೆ ಇದರಲ್ಲಿ ಪಾತ್ರವೇ ಇಲ್ಲವೇ? ಇದೆ. ಆದರೆ ಅದು ಕೆಲಸ ಮಾಡುವುದು ವೈರಸ್ಸಿನ ಮೇಲಿಗಿಂತ ಹೆಚ್ಚಾಗಿ ನಮ್ಮ ಮನೆಯ ಕಿಟಕಿಯ ಮೇಲೆ ಎಂಬುದು ಇಷ್ಟು ವರ್ಷ ಇಲ್ಲಿ ಬದುಕಿದ ನನ್ನ ತಿಳಿವಳಿಕೆ. ನೆತ್ತಿ ಸುಡುವ ಬಿಸಿಲಿನಲ್ಲಿ ವೈರಸ್ ಬೇಗ ಸಾಯುತ್ತದೆ, ನಿಜ. ಆ ಬಿಸಿಲಿನಲ್ಲಿ ಯಾರು ನಿಂತಿರುತ್ತಾರೆ? ನಾವೆಲ್ಲ ಒಳಗಿರುತ್ತೇವೆ.

ಬೆಂಗಳೂರು, ಮೈಸೂರಿನಿಂದ ಬಂದವರಿಗೆ ಇಲ್ಲಿ ಮೊದಲು ಬದಲಾಗುವ ಅಭ್ಯಾಸವೇ ಇದು. ಅಲ್ಲಿ ಕಿಟಕಿ ವರ್ಷವಿಡೀ ತೆಗೆದಿರುತ್ತದೆ; ಸೊಳ್ಳೆ ಬರುತ್ತದೆಂದು ಸಂಜೆ ಆರಕ್ಕೆ ಮುಚ್ಚಿದರೆ ಮುಗಿಯಿತು. 1898ರ ಪ್ಲೇಗಿನ ಬೆನ್ನಿಗೆ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದಾಗ ಅಗಲ ರಸ್ತೆ, ಮನೆಯ ಸುತ್ತ ಜಾಗ, ಗಾಳಿ ಬೆಳಕು ಎಂದೇ ಯೋಜನೆ ಹಾಕಿದ್ದರು. ಆ ಊರಿನ ಹವೆಯಲ್ಲಿ ಆ ಯೋಜನೆ ನಡೆಯುತ್ತದೆ. ದಿಲ್ಲಿಯಲ್ಲಿ ಮನೆಯ ನಾಲ್ಕೂ ಕಡೆ ಕಿಟಕಿ ಇದ್ದರೂ ನಿಶ್ಚಿಂತೆಯಿಂದ ತೆಗೆದಿಡಬಹುದಾದದ್ದು ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವಿನವರೆಗೆ, ಮತ್ತೆ ಅಕ್ಟೋಬರಿನ ಒಂದಷ್ಟು ದಿನ.

ಮೇ ತಿಂಗಳಲ್ಲಿ ಲೂ ಬೀಸುತ್ತದೆ. ಕೂಲರ್ ಇದ್ದ ಕಾಲದಲ್ಲಿ ಅದು ಬೇರೆ ಕಥೆ. ಕೂಲರ್ ಹೊರಗಿನ ಗಾಳಿಯನ್ನು ಒದ್ದೆ ಹುಲ್ಲಿನ ಮೂಲಕ ಎಳೆದು ಒಳಗೆ ನೂಕುತ್ತದೆ, ಆ ಗಾಳಿ ಹೊರಹೋಗಲು ಎದುರು ಕಿಟಕಿ ತೆಗೆದೇ ಇರಬೇಕು, ಇಲ್ಲದಿದ್ದರೆ ತಂಪಾಗುವುದಿಲ್ಲ. ಬಡವರ ಯಂತ್ರವೆಂದು ನಾವು ಮೂಗು ಮುರಿಯುವ ಆ ತಗಡಿನ ಡಬ್ಬಿ ಕೋಣೆಯ ಗಾಳಿಯನ್ನು ಮತ್ತೆ ಮತ್ತೆ ಬದಲಿಸುತ್ತಿರುತ್ತದೆ. ಏಸಿ ಹಾಗಲ್ಲ. ಕಿಟಕಿ ಮುಚ್ಚಿ, ಬಾಗಿಲಿನ ಸಂದಿಗೆ ಬಟ್ಟೆ ತುರುಕಿ, ಒಳಗಿನ ಗಾಳಿಯನ್ನೇ ತಂಪು ಮಾಡಿ ಮಾಡಿ ತಿರುಗಿಸುತ್ತದೆ. ಒಬ್ಬರು ಕೆಮ್ಮಿದರೆ ಆ ಕೋಣೆಯವರೆಲ್ಲ ಪಾಲುದಾರರು. ಡಿಸೆಂಬರಿನಲ್ಲೂ ಅದೇ ಕೋಣೆ, ಅದೇ ಮುಚ್ಚಿದ ಕಿಟಕಿ, ಏಸಿಯ ಬದಲು ಹೀಟರ್. ಚಳಿಗಾಲಕ್ಕೆ ಒಂದು ಪುಣ್ಯವಿದೆ: ಹಗಲು ಬಿಸಿಲು ಬಿದ್ದರೆ ದಿಲ್ಲಿಯೇ ಹೊರಗೆ ಬಂದು ಕೂರುತ್ತದೆ. ತಾರಸಿಯಲ್ಲಿ, ಪಾರ್ಕಿನಲ್ಲಿ, ಬಟಾಣಿ ಸುಲಿಯುತ್ತಾ, ಕಿತ್ತಳೆ ತಿನ್ನುತ್ತಾ. ಇನ್ನೊಂದು ಪುಣ್ಯವೆಂದರೆ ಮಾಸ್ಕ್. ಜೂನಿನಲ್ಲಿ ಗಲ್ಲಕ್ಕೆ ಇಳಿದಿದ್ದ ಮಾಸ್ಕ್ ಡಿಸೆಂಬರಿನಲ್ಲಿ ತಾನಾಗಿ ಮೂಗಿಗೆ ಏರಿತು, ಬೆಚ್ಚಗಿರುತ್ತದಲ್ಲ!

ಕಷ್ಟದ ತಿಂಗಳೆಂದರೆ ನವೆಂಬರ್. ಪಂಜಾಬ್, ಹರಿಯಾಣದಲ್ಲಿ ಭತ್ತದ ಕೂಳೆ ಸುಡುವ ಹೊಗೆ, ಇಲ್ಲಿನ ವಾಹನದ ಹೊಗೆ, ಪಟಾಕಿ, ಎಲ್ಲ ಸೇರಿ ತಣ್ಣಗಿನ ನಿಂತ ಗಾಳಿಯಲ್ಲಿ ನೆಲಕ್ಕಂಟಿಕೊಳ್ಳುತ್ತವೆ. 2020ರ ನವೆಂಬರಿನಲ್ಲಿ ನಮಗೆ ಎರಡು ಸಲಹೆಗಳು ಒಟ್ಟಿಗೆ ಬರುತ್ತಿದ್ದವು. ಹೊಗೆಯ ವೈದ್ಯರು ಹೇಳಿದ್ದು: ಕಿಟಕಿ ಮುಚ್ಚಿ, ಹೊರಗೆ ಹೋಗಬೇಡಿ. ಸೋಂಕಿನ ವೈದ್ಯರು ಹೇಳಿದ್ದು: ಕಿಟಕಿ ತೆಗೆಯಿರಿ, ಜನರನ್ನು ಭೇಟಿಯಾಗಲೇಬೇಕಾದರೆ ಹೊರಗೆ ಭೇಟಿಯಾಗಿ. ಇಬ್ಬರೂ ಹೇಳಿದ್ದು ಸರಿ. ಕಿಟಕಿ ಮಾತ್ರ ಒಂದೇ. ಆ ವರ್ಷ ದೀಪಾವಳಿಯ ದಿನ ಗಾಳಿಯ ಸೂಚ್ಯಂಕ 400 ದಾಟಿತ್ತು. ಮೇಲೆ ಎಪ್ಪತ್ತೊಂದು ವರ್ಷಗಳಲ್ಲೇ ಅತಿ ತಣ್ಣಗಿನ ನವೆಂಬರ್ ಅದು. ಬಹಳಷ್ಟು ಮನೆಗಳು ಮುಚ್ಚುವುದನ್ನೇ ಆರಿಸಿಕೊಂಡವು. ಹೊಗೆ ಕಣ್ಣಿಗೆ ಕಾಣುತ್ತದೆ, ಗಂಟಲು ಕೆರೆಯುತ್ತದೆ, ಇನ್ನೊಂದು ಕಾಣುವುದಿಲ್ಲ.

ಆ ಅಲೆ ಅನಿರೀಕ್ಷಿತವೇನಲ್ಲ. ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ ಅಕ್ಟೋಬರಿನಲ್ಲೇ ದಿಲ್ಲಿಗೆ ಎಚ್ಚರಿಕೆ ಕೊಟ್ಟಿತ್ತು: ದಿನಕ್ಕೆ ಹದಿನೈದು ಸಾವಿರ ಪ್ರಕರಣಕ್ಕೆ ಸಿದ್ಧರಾಗಿ. ಕಾರಣವಾಗಿ ಹೇಳಿದ್ದು ಮೂರು: ಚಳಿಗಾಲದ ಉಸಿರಾಟದ ತೊಂದರೆ, ಹಬ್ಬದ ಜನಜಂಗುಳಿ, ಹೊರಗಿನಿಂದ ಬರುವ ರೋಗಿಗಳು. ಮುಖ್ಯಮಂತ್ರಿಯಾಗಿದ್ದ ಅರವಿಂದ ಕೇಜ್ರಿವಾಲ್ ಪ್ರಧಾನಿಯೊಂದಿಗಿನ ಸಭೆಯಲ್ಲಿ ಮಾಲಿನ್ಯವನ್ನು ಮುಖ್ಯ ಕಾರಣವೆಂದರು. ಟೀವಿಯವರು ದೀಪಾವಳಿಯ ಜನರನ್ನು ಬೈದರು. ದೀಪಾವಳಿ ಬಂದದ್ದು ನವೆಂಬರ್ 14ಕ್ಕೆ, ಅಲೆಯ ತುದಿ ಬಂದದ್ದು 11ಕ್ಕೆ. ಇವತ್ತು ಲೆಕ್ಕಕ್ಕೆ ಸಿಕ್ಕ ಪ್ರಕರಣ ಎಂದರೆ ವಾರ, ಹತ್ತು ದಿನದ ಹಿಂದೆ ತಗುಲಿದ ಸೋಂಕು. ಹಾಗೆ ನೋಡಿದರೆ ಅದು ದಸರೆಯ ಆಚೀಚಿನ, ಹಬ್ಬದ ಖರೀದಿ ಆರಂಭವಾದ ದಿನಗಳ ಬೆಳೆ. ಹಬ್ಬ ಮುಗಿದ ಮೇಲೆ, ನವೆಂಬರ್ ಮೂರನೇ ವಾರದಲ್ಲಿ, ಸರ್ಕಾರ ಮದುವೆಯ ಅತಿಥಿಗಳನ್ನು 200ರಿಂದ 50ಕ್ಕೆ ಇಳಿಸಿತು, ಮಾಸ್ಕ್ ದಂಡವನ್ನು 500ರಿಂದ 2,000 ರೂಪಾಯಿಗೆ ಏರಿಸಿತು. ಆಗಲೇ ಜನ ಸುದ್ದಿ ನೋಡಿ ತಾವಾಗಿಯೇ ಹೆದರಿದ್ದರು. ಸಂಖ್ಯೆ ಏರಿದಾಗ ಬಾಗಿಲು ಹಾಕುವುದು, ಇಳಿದಾಗ ಬೀದಿಗೆ ಬರುವುದು, ಇದು ಯಾವ ಆದೇಶಕ್ಕೂ ಕಾಯುವುದಿಲ್ಲ.

ಏಪ್ರಿಲ್ 2021 ಇದೇ ಸ್ವಭಾವದ ಇನ್ನೊಂದು ಮುಖ. ಜನವರಿಯ ಸಮೀಕ್ಷೆಯಲ್ಲಿ ದಿಲ್ಲಿಯ ಶೇ. 56ರಷ್ಟು ಜನರ ರಕ್ತದಲ್ಲಿ ಪ್ರತಿಕಾಯ ಕಂಡಿತು. "ಅರ್ಧ ಊರಿಗೆ ಬಂದು ಹೋಗಿದೆ, ಇನ್ನೇನಿಲ್ಲ" ಎಂಬ ಮಾತು ಮದುವೆ ಮನೆಗಳಲ್ಲಿ ಊಟಕ್ಕಿಂತ ಹೆಚ್ಚು ಬಡಿಸಲ್ಪಟ್ಟಿತು. ಮಾರ್ಚ್ 29ಕ್ಕೆ ಹೋಳಿ. ಏಪ್ರಿಲ್ 19ರ ರಾತ್ರಿ ಲಾಕ್‌ಡೌನ್. ವಿಚಿತ್ರವೆಂದರೆ ಮಾರ್ಚ್ ಏಪ್ರಿಲ್ ದಿಲ್ಲಿಯ ತೆರೆದ ಕಿಟಕಿಯ ತಿಂಗಳು. ನನ್ನ ಕಿಟಕಿಯ ಲೆಕ್ಕ ಅಲ್ಲಿಗೆ ನಿಲ್ಲುತ್ತದೆ. ಡೆಲ್ಟಾದ ವೇಗದ ಮುಂದೆ ಅದು ಚಿಕ್ಕ ಮಾತು. ಕರ್ನಾಟಕದಲ್ಲಿ ಬೇರೆಯೇ ಹವೆ, ಮುಂಗಾರು ಪೂರ್ವ ಮಳೆಯ ದಿನಗಳು. ಅಲ್ಲೂ ಎರಡು ವಾರ ತಡವಾಗಿ, ಮೇ 5ಕ್ಕೆ, 50,112. ಆ ಏಪ್ರಿಲ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸಿಲಿಂಡರ್ ಹುಡುಕಿ ರಾತ್ರಿಯೆಲ್ಲ ಅಲೆದವರು ಇದನ್ನು ಓದುತ್ತಿರುವವರಲ್ಲೇ ಇದ್ದೀರಿ.

ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ, ಅಂದರೆ ನಮ್ಮ ಬೆಂಗಳೂರಿನ ಎನ್‌ಸಿಬಿಎಸ್‌ನಿಂದ ಬಂದಿದ್ದ ಕೆ. ವಿಜಯರಾಘವನ್ ಅವರ ಕಚೇರಿ, ಸೋಂಕಿನ ಸೂಕ್ಷ್ಮ ಹನಿಗಳು ಗಾಳಿಯಲ್ಲಿ ಹತ್ತು ಮೀಟರ್‌ವರೆಗೂ ಹೋಗಬಲ್ಲವು, ಕಿಟಕಿ ಬಾಗಿಲು ತೆಗೆಯಿರಿ, ಎಕ್ಸಾಸ್ಟ್ ಫ್ಯಾನ್ ಹಾಕಿ ಎಂದು ಚಿತ್ರ ಸಮೇತ ಸರಳವಾಗಿ ತಿಳಿಸಿದ್ದು 2021ರ ಮೇ 20ಕ್ಕೆ. ಒಳ್ಳೆಯ ಸಲಹೆ. ದಿಲ್ಲಿಯಲ್ಲಿ ಆ ಹೊತ್ತಿಗೆ ಚಿತೆಗಳ ಸಾಲು ಕಡಿಮೆಯಾಗುತ್ತಿತ್ತು. ಅದಕ್ಕೆ ಮುಂಚಿನ ಒಂದು ವರ್ಷ ನಾವು ತರಕಾರಿಗೆ ಸೋಪು ಹಚ್ಚಿ ತೊಳೆಯುತ್ತಿದ್ದೆವು.

ಈ ಸಲಹೆ ಎಲ್ಲರಿಗೂ ಒಂದೇ ಅಲ್ಲ ಎಂಬುದು ನನಗೆ ತಿಳಿದದ್ದು ನಮ್ಮ ಸೊಸೈಟಿಯ ಗೇಟಿನಲ್ಲಿ. ನಾನಿರುವುದು ನೋಯ್ಡಾ. ಚಿಲ್ಲಾ ಗಡಿ ದಾಟಿದರೆ ದಿಲ್ಲಿ, ಆದರೆ ಇಲ್ಲಿ ಜ್ವರ ಬಂದರೆ ಲೆಕ್ಕ ಉತ್ತರ ಪ್ರದೇಶಕ್ಕೆ. ಗಾಳಿಗೆ ಆ ಗಡಿಯಿಲ್ಲ. ರಾತ್ರಿ ಪಾಳಿಯ ಗಾರ್ಡ್ ಮಾಮೂರಾದ ಬಾಡಿಗೆ ಕೋಣೆಯಲ್ಲಿ ಇನ್ನು ಮೂವರ ಜೊತೆ ಇದ್ದ. ಉದ್ದ ಓಣಿಯ ಎರಡೂ ಬದಿ ಕೋಣೆಗಳ ಸಾಲು, ಪ್ರತಿ ಕೋಣೆಗೂ ಓಣಿಗೆ ತೆರೆಯುವ ಒಂದೇ ಬಾಗಿಲು. "ಕಿಟಕಿ ತೆಗೆದಿಡಿ" ಎಂಬ ಪೋಸ್ಟರನ್ನು ನೋಟಿಸ್ ಬೋರ್ಡಿಗೆ ಅಂಟಿಸುವ ಕೆಲಸ ಅವನಿಗೇ ಬಿತ್ತು. ಅಂಟಿಸುತ್ತಾ, "ಸಾಬ್, ನಮಗೆ ಕಿಟಕಿ ಕೊಟ್ಟರೆ ಬಾಡಿಗೆ ಐನೂರು ಜಾಸ್ತಿ" ಎಂದ. ಜನರ ನಡವಳಿಕೆ ಸರಿಯಿಲ್ಲ ಎಂದು ಬರೆಯುವ ಅಂಕಣಕಾರರನ್ನು ಓದಿದಾಗಲೆಲ್ಲ ನನಗೆ ಆ ಐನೂರು ರೂಪಾಯಿ ನೆನಪಾಗುತ್ತದೆ.

ಮಕ್ಕಳದ್ದೂ ಹೀಗೇ ಆಯಿತು. ಸೋಂಕಿನಿಂದ ಒಂದೂವರೆ ವರ್ಷಕ್ಕೂ ಹೆಚ್ಚು ಮುಚ್ಚಿದ್ದ ದಿಲ್ಲಿಯ ಶಾಲೆಗಳು 2021ರ ನವೆಂಬರ್ 1ಕ್ಕೆ ಎಲ್ಲ ತರಗತಿಗಳಿಗೂ ತೆರೆದವು. ಎರಡು ವಾರವಾಗುವಷ್ಟರಲ್ಲಿ ಹೊಗೆಯಿಂದ ಮತ್ತೆ ಮುಚ್ಚಿದವು. ನವೆಂಬರ್ 29ಕ್ಕೆ ತೆರೆದವು, ಡಿಸೆಂಬರ್ 3ಕ್ಕೆ ಮುಚ್ಚಿದವು. ಆಮೇಲೆ ಓಮಿಕ್ರಾನ್. ಲೋಧಿ ಎಸ್ಟೇಟಿನ ನಮ್ಮ ಕನ್ನಡ ಶಾಲೆಯ ಮಕ್ಕಳು ಕೂಡ ಈ ಪಂಚಾಂಗವನ್ನೇ ಅನುಭವಿಸಿದವರು.

ಒಳ್ಳೆಯ ಸೋಸುವ ಪದರವಿರುವ ಗಾಳಿ ಶುದ್ಧೀಕರಣ ಯಂತ್ರ ಹೊಗೆಯ ಕಣವನ್ನೂ ಸೋಂಕಿನ ಹನಿಯನ್ನೂ ಹಿಡಿಯುತ್ತದೆ, ಕೊಳ್ಳಬಲ್ಲವರಿಗೆ ಅದು ಎರಡಕ್ಕೂ ಆದೀತು. ಉಳಿದವರಿಗೆ ಒಂದು ಚಿಕ್ಕ ಸಂದು ಇದೆ. ನವೆಂಬರಿನಲ್ಲೂ ಹೊಗೆ ದಟ್ಟವಾಗಿರುವುದು ಸಾಮಾನ್ಯವಾಗಿ ರಾತ್ರಿ ಮತ್ತು ಬೆಳಗಿನ ಜಾವ. ನೆಲ ಕಾದ ಮೇಲೆ ಗಾಳಿ ಮೇಲೇರಿ ಮಧ್ಯಾಹ್ನಕ್ಕೆ ತುಸು ತಿಳಿಯಾಗುತ್ತದೆ. ಮನೆಗೆ ನಾಲ್ಕು ಜನರನ್ನು ಕರೆಯುವುದಿದ್ದರೆ ನಾವೀಗ ರಾತ್ರಿ ಊಟಕ್ಕೆ ಕರೆಯುವುದಿಲ್ಲ, ಮಧ್ಯಾಹ್ನದ ಬಿಸಿಬೇಳೆಬಾತಿಗೆ ಕರೆಯುತ್ತೇವೆ. ಒಂದರಿಂದ ನಾಲ್ಕರವರೆಗೆ ಎಲ್ಲ ಕಿಟಕಿಯೂ ತೆಗೆದಿರುತ್ತದೆ. ಸ್ವೆಟರ್ ಹಾಕಿಕೊಂಡು ಬನ್ನಿ.