ಖರ್ಚು ಭರಿಸುವವರು ಯಾರು?

ಕಳೆದ ತಿಂಗಳು ನಮ್ಮ ಮನೆಯ ಊಟದ ಮೇಜಿನ ಮೇಲೆ ಐದು ವೀಸಾ ಅರ್ಜಿಗಳು ಹರಡಿಕೊಂಡಿದ್ದವು. ನಾನು, ನನ್ನ ಪತ್ನಿ, ಮಗ, ಸೊಸೆ ಹಾಗೂ ಎಂಟು ವರ್ಷದ ಮೊಮ್ಮಗಳು ಫ್ರಾನ್ಸ್ ದೇಶಕ್ಕೆ ಹತ್ತು ದಿನಗಳ ಪ್ರವಾಸ ಹೋಗುವುದೆಂದು ನಿಶ್ಚಯವಾಗಿತ್ತು. ನಮ್ಮ ವಂಶದಲ್ಲಿ ಇದು ಮೊದಲ ವಿದೇಶ ಯಾತ್ರೆ. ಮೂರು ದಶಕಕ್ಕೂ ಹೆಚ್ಚು ಕಾಲ ಅರ್ಜಿಗಳನ್ನು ಪರಿಶೀಲಿಸಿಯೇ ಬದುಕಿದ ನನಗೆ ಅರ್ಜಿ ತುಂಬುವುದು ಕಷ್ಟದ ಕೆಲಸವಲ್ಲ. ಪತ್ನಿಯ ಅರ್ಜಿಯನ್ನೂ ನಾನೇ ತುಂಬಿದೆ. ಉದ್ಯೋಗ ಎಂಬಲ್ಲಿ ‘ಗೃಹಿಣಿ’ ಎಂದೂ, ಪ್ರಯಾಣದ ಖರ್ಚು ಭರಿಸುವವರು ಯಾರು ಎಂಬಲ್ಲಿ ‘ಪ್ರಾಯೋಜಕರು: ಪತಿ’ ಎಂದೂ ಬರೆದೆ. ಸಹಿಗೆಂದು ಕೊಟ್ಟಾಗ ಆಕೆ ಕನ್ನಡಕ ಏರಿಸಿಕೊಂಡು ಓದಿದಳು. ‘ಅಲ್ರೀ, ಖರ್ಚೆಲ್ಲಾ ನೀವೇ ಹಾಕ್ತೀರಿ ಅಂತ ಬರೆದೀರಲ್ಲ, ಹಂಗಾದ್ರೆ ನಾನು ಇಷ್ಟು ವರ್ಷ ಉಳಿಸಿದ್ದು ಯಾವುದು?’ ಎಂದು ಕೇಳಿದಳು.

ಅರ್ಥಶಾಸ್ತ್ರದ ಸ್ನಾತಕೋತ್ತರ ಪದವೀಧರನಾದ ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆ ನಮ್ಮ ಮನೆಯೊಂದಕ್ಕೆ ಸೇರಿದ್ದಲ್ಲ ಎಂದು ತೋರಿದ್ದರಿಂದ ಈ ಲೇಖನ.

ನನ್ನ ಊರು ಕೊಟ್ಟೂರಿನ ಸೀಮೆ. ಪತ್ನಿಯ ತವರು ಹರಪನಹಳ್ಳಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಇವೆಲ್ಲ ಒಂದು ಕಾಲಕ್ಕೆ ‘ಬಳ್ಳಾರಿಯ ಪಶ್ಚಿಮ ತಾಲ್ಲೂಕುಗಳು’ ಎನಿಸಿಕೊಂಡಿದ್ದ ಮಳೆ ನಂಬಿದ ನೆಲ. ಇಲ್ಲಿ ಜನ ಊರು ಬಿಡುತ್ತಿದ್ದುದು ನಾಲ್ಕು ಕಾರಣಗಳಿಗೆ: ಜಾತ್ರೆ, ಮದುವೆ, ಆಸ್ಪತ್ರೆ ಮತ್ತು ಗುಳೆ. ನೋಡುವುದಕ್ಕೆಂದೇ ಒಂದು ಊರಿಗೆ ಹೋಗುವುದು ಎಂಬ ಕಲ್ಪನೆಯೇ ಇರಲಿಲ್ಲ. ಹಡಗಲಿಯ ಮಲ್ಲಿಗೆ ದಿನಬೆಳಗಾದರೆ ಬಸ್ಸು ಹತ್ತಿ ಊರೂರು ಸೇರುತ್ತಿತ್ತು. ಅದನ್ನು ಬಿಡಿಸಿದ ಹೆಣ್ಣುಮಕ್ಕಳು ಮೈಲಾರದ ಜಾತ್ರೆಯ ಆಚೆಗೆ ಪ್ರಪಂಚ ಕಂಡವರಲ್ಲ. ಸರ್ಕಾರಿ ನೌಕರನಾಗಿ ರಜೆ ಪ್ರಯಾಣ ರಿಯಾಯಿತಿಗೆ ಅರ್ಹನಾಗಿದ್ದ ನಾನೂ ಅದನ್ನು ಬಳಸಿಕೊಂಡದ್ದು ಒಮ್ಮೆ, ತಾಯಿಯವರನ್ನು ಕಾಶಿಗೆ ಕರೆದೊಯ್ಯಲು. ಆಗಲೂ ಪತ್ನಿ ಮಕ್ಕಳ ಪರೀಕ್ಷೆಯೆಂದು ಮನೆಯಲ್ಲೇ ಉಳಿದಳು.

ಹಾಗಿರುವಾಗ ಫ್ರಾನ್ಸ್ ಏಕೆ ಎಂದು ಬಂಧುಗಳು ಕೇಳಿದ್ದುಂಟು. ಮೊಮ್ಮಗಳಿಗೆ ಐಫೆಲ್ ಗೋಪುರ ನೋಡುವ ಆಸೆ ಎಂಬುದು ಒಂದು ಉತ್ತರ. ನನ್ನ ಮನಸ್ಸಿನಲ್ಲಿದ್ದ ಉತ್ತರ ಬೇರೆ. ಸಾಮಾನ್ಯ ಕುಟುಂಬವೊಂದು ಕಡಿಮೆ ಖರ್ಚಿನಲ್ಲಿ ಪ್ರವಾಸ ಹೋಗಬಹುದು, ಹೋಗಬೇಕು ಎಂಬುದನ್ನು ಕಾನೂನಾಗಿ ಮಾಡಿದ ದೇಶಗಳಲ್ಲಿ ಫ್ರಾನ್ಸ್ ಪ್ರಮುಖವಾದುದು. 1936ರ ಮೇ–ಜೂನ್ ತಿಂಗಳ ಮಹಾ ಮುಷ್ಕರಗಳ ನಂತರ ಲಿಯೋಂ ಬ್ಲುಂ ಅವರ ಸರ್ಕಾರ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರಗಳ ವೇತನಸಹಿತ ರಜೆಯನ್ನು ನೀಡಿತು. ರಜೆ ಕೊಟ್ಟರೆ ಸಾಲದು, ಹೋಗುವ ಶಕ್ತಿಯೂ ಬೇಕಲ್ಲ? ಲಿಯೋ ಲಗ್ರಾಂಜ್ ಎಂಬ ಉಪಮಂತ್ರಿ ರೈಲು ಪ್ರಯಾಣಕ್ಕೆ ಶೇ 40ರ ರಿಯಾಯಿತಿ ಚೀಟಿ ತಂದರು. ಆ ಬೇಸಿಗೆಯಲ್ಲಿ ಗಿರಣಿ, ಗಣಿಗಳ ಕುಟುಂಬಗಳು ಮೊದಲ ಬಾರಿಗೆ ಸಮುದ್ರ ಕಂಡವು. ರಜೆ 1956ರಲ್ಲಿ ಮೂರು ವಾರವಾಯಿತು, 1969ರಲ್ಲಿ ನಾಲ್ಕಾಯಿತು, 1982ರಲ್ಲಿ ಐದಾಯಿತು. ವಿರಾಮವೂ ಶ್ರಮದ ಪ್ರತಿಫಲ ಎಂಬ ತತ್ತ್ವವನ್ನು ಅಲ್ಲಿ ಯಾರೂ ಐಷಾರಾಮವೆನ್ನುವುದಿಲ್ಲ.

ನಮ್ಮಲ್ಲೂ ಆ ಗಾಳಿ ಸ್ವಲ್ಪ ಬೀಸಿದೆ. 2023ರ ಜೂನ್‌ನಲ್ಲಿ ‘ಶಕ್ತಿ’ ಯೋಜನೆ ಆರಂಭವಾಗಿ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತಾಗ ಧರ್ಮಸ್ಥಳ ಮೊದಲಾದ ಕ್ಷೇತ್ರಗಳಿಗೆ ನುಗ್ಗಿದ ಹೆಂಗಸರನ್ನು ಕಂಡು ಮಧ್ಯಮವರ್ಗದ ನಾವು ನಕ್ಕೆವು. ನಾನೂ ನಕ್ಕವನೇ. ಆ ಯೋಜನೆಯ ಹಣಕಾಸಿನ ಹೊರೆಯ ಬಗ್ಗೆ ಚರ್ಚೆ ನಡೆಯಲಿ. ಆದರೆ ಯಾರ ಅಪ್ಪಣೆಯನ್ನೂ ಕೇಳದೆ, ಯಾರ ಕೈಯಿಂದಲೂ ಬಸ್ ಚಾರ್ಜು ಪಡೆಯದೆ ಹೊರಟ ಆ ಹೆಂಗಸರ ಸಂತೋಷಕ್ಕೂ 1936ರಲ್ಲಿ ಸಮುದ್ರ ಕಂಡವರ ಸಂತೋಷಕ್ಕೂ ವ್ಯತ್ಯಾಸವಿದೆಯೆಂದು ಈಗ ನನಗೆ ತೋರುವುದಿಲ್ಲ.

ಇನ್ನು ಲೆಕ್ಕದ ಮಾತು. 1991ರಲ್ಲಿ ವಿದೇಶಿ ವಿನಿಮಯವಿಲ್ಲದೆ ದೇಶ ತನ್ನ ಚಿನ್ನವನ್ನು ಅಡವಿಟ್ಟಿತು. 2004ರಲ್ಲಿ ರಿಸರ್ವ್ ಬ್ಯಾಂಕು ಒಬ್ಬ ವ್ಯಕ್ತಿ ವರ್ಷಕ್ಕೆ 25 ಸಾವಿರ ಡಾಲರ್ ಹೊರಕ್ಕೆ ಕಳುಹಿಸಲು ಅವಕಾಶ ನೀಡಿತು. ಈಗ ಆ ಮಿತಿ ಎರಡೂವರೆ ಲಕ್ಷ ಡಾಲರ್. ದೇಶದ ಖಜಾನೆಯ ಅಡ್ಡಿ ತೊಲಗಿದೆ, ಉಳಿದಿರುವುದು ನಮ್ಮ ಜೇಬಿನ ಅಡ್ಡಿ. ಪ್ರವಾಸ ಸಂಸ್ಥೆಯೊಂದು ಹನ್ನೆರಡು ದಿನಗಳಲ್ಲಿ ಏಳು ದೇಶ ತೋರಿಸಲು ಐವರಿಗೆ ಹದಿನಾಲ್ಕು ಲಕ್ಷ ರೂಪಾಯಿ ಕೇಳಿತು. ಕಂತಿನಲ್ಲಿ ಸಾಲದ ವ್ಯವಸ್ಥೆಯೂ ಉಂಟೆಂದಿತು. ನೋಡಿ ಬಂದ ದೇಶಕ್ಕೆ ಮೂರು ವರ್ಷ ಬಡ್ಡಿ ಕಟ್ಟುವುದು ವಿವೇಕವಲ್ಲ. ಸಾಲ ಕೂಡದು, ಆಸ್ಪತ್ರೆಗೆಂದು ಇಟ್ಟ ಠೇವಣಿ ಮುಟ್ಟಕೂಡದು ಎಂಬ ಎರಡು ಗೆರೆ ಎಳೆದುಕೊಂಡೆವು. ಒಂದೇ ದೇಶ, ಹತ್ತು ದಿನ, ಎಂಟೂವರೆ ಲಕ್ಷ. ವಿಮಾನಕ್ಕೆ ಮೂರೂವರೆ ಲಕ್ಷ, ವಸತಿಗೆ ಒಂದು ಲಕ್ಷ ಎಪ್ಪತ್ತೈದು ಸಾವಿರ, ಊಟಕ್ಕೆ ಎಪ್ಪತ್ತೈದು ಸಾವಿರ, ಒಳಪ್ರಯಾಣ ಮತ್ತು ಪ್ರವೇಶ ಶುಲ್ಕಕ್ಕೆ ಒಂದು ಲಕ್ಷ ಹತ್ತು ಸಾವಿರ, ವೀಸಾ ಮತ್ತು ವಿಮೆಗೆ ಅರವತ್ತು ಸಾವಿರ, ಆಪತ್ತಿಗೆಂದು ಎಂಬತ್ತು ಸಾವಿರ.

ಈ ಅಂದಾಜು ಪಟ್ಟಿ ತಯಾರಿಸುವಾಗ ಕಲಿತ ಕೆಲವು ಸಂಗತಿಗಳು ಇತರರಿಗೂ ಉಪಯೋಗವಾದೀತು. 2024ರ ಜೂನ್‌ನಿಂದ ಷೆಂಗೆನ್ ವೀಸಾ ಶುಲ್ಕ ವಯಸ್ಕರಿಗೆ 90 ಯೂರೊ, ಆರರಿಂದ ಹನ್ನೆರಡು ವರ್ಷದೊಳಗಿನವರಿಗೆ 45. ನಮ್ಮ ಐವರಿಗೆ 405 ಯೂರೊ. 2025ರಲ್ಲಿ ಯೂರೊ ನೂರು ರೂಪಾಯಿ ದಾಟಿದ ಮೇಲೆ ಇದು ನಲವತ್ತು ಸಾವಿರ ರೂಪಾಯಿಗೂ ಮಿಕ್ಕಿದ್ದು; ವೀಸಾ ನಿರಾಕರಿಸಿದರೂ ಹಿಂದಿರುಗಿ ಬಾರದು. 30 ಸಾವಿರ ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅರ್ಜಿಯನ್ನು ಆರು ತಿಂಗಳು ಮೊದಲೇ ಸಲ್ಲಿಸಬಹುದು. ಜುಲೈ–ಆಗಸ್ಟ್ ಫ್ರೆಂಚರೇ ರಜೆ ಹೋಗುವ ಕಾಲವಾದ್ದರಿಂದ ದರ ದುಬಾರಿ, ಸೆಪ್ಟೆಂಬರ್ ಲೇಸು. ರೈಲು ಟಿಕೆಟ್ಟು ಮುಂಚಿತವಾಗಿ ಕೊಂಡಷ್ಟೂ ಅಗ್ಗ. ಪ್ಯಾರಿಸ್‌ನ ವಾರದ ಸಾರಿಗೆ ಪಾಸು ಸೋಮವಾರದಿಂದ ಭಾನುವಾರದವರೆಗೆ ಮಾತ್ರ ನಡೆಯುವುದರಿಂದ ಸೋಮವಾರದ ಹೊತ್ತಿಗೆ ಅಲ್ಲಿ ಇಳಿಯುವುದು ಜಾಣತನ. ಲೂವ್ರ್ ವಸ್ತುಸಂಗ್ರಹಾಲಯ 2026ರ ಜನವರಿಯಿಂದ ಯುರೋಪಿನ ಹೊರಗಿನವರಿಗೆ ಶುಲ್ಕವನ್ನು 22ರಿಂದ 32 ಯೂರೊಗೆ ಏರಿಸಿದೆ. ನಮ್ಮಲ್ಲೂ ತಾಜಮಹಲಿನಲ್ಲಿ ವಿದೇಶಿಯರಿಗೆ ಬೇರೆ ದರವಿರುವಾಗ ನಾವು ದೂರುವಂತಿಲ್ಲ. ಆದರೆ ಪ್ಯಾರಿಸ್ ನಗರದ ಚರಿತ್ರೆ ಹೇಳುವ ಕಾರ್ನವಾಲೆ ಸಂಗ್ರಹಾಲಯದ ಕಾಯಂ ಪ್ರದರ್ಶನ ಉಚಿತ. 2019ರ ಬೆಂಕಿಯ ನಂತರ ದುರಸ್ತಿಯಾಗಿ 2024ರ ಡಿಸೆಂಬರ್‌ನಲ್ಲಿ ತೆರೆದ ನೋತ್ರ್ ದಾಮ್ ಚರ್ಚಿನ ಪ್ರವೇಶವೂ ಉಚಿತ.

ಈ ಪಟ್ಟಿಯ ಅರ್ಧ ಭಾಗ ಪತ್ನಿಯದು. ಅಡುಗೆಮನೆ ಇರುವ ವಸತಿಯನ್ನೇ ಹಿಡಿಯಬೇಕೆಂದವಳು ಆಕೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡರೆ ಮಧ್ಯಾಹ್ನದ ಊಟದ ಖರ್ಚು ಉಳಿಯುತ್ತದೆಂದು ಲೆಕ್ಕ ಹಾಕಿದಳು. ಮಾಘ ಮಾಸದಲ್ಲಿ ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದ ನಡೆದು ಬರುವ ಸಾವಿರಾರು ಪಾದಯಾತ್ರಿಗಳು ಇದೇ ಬುತ್ತಿ ನಂಬಿ ಬರುವವರು. ಪ್ಯಾರಿಸ್‌ನ ಬೀದಿಗಳಲ್ಲಿ 1872ರಲ್ಲಿ ರಿಚರ್ಡ್ ವ್ಯಾಲೇಸ್ ಎಂಬ ದಾನಿ ಕಟ್ಟಿಸಿದ ಕುಡಿಯುವ ನೀರಿನ ಕಾರಂಜಿಗಳು ಇಂದಿಗೂ ಇವೆಯೆಂದು ನಾನು ಓದಿ ಹೇಳಿದಾಗ, ‘ಅಂದ್ರೆ ಅಲ್ಲೂ ಅರವಟ್ಟಿಗೆ ಐತಿ ಅನ್ನಿ’ ಎಂದು ಬಾಟಲಿ ನೀರಿನ ಖರ್ಚನ್ನು ಹೊಡೆದುಹಾಕಿದಳು.

ಹಾಗಾದರೆ ಈ ಎಂಟೂವರೆ ಲಕ್ಷ ಎಲ್ಲಿಂದ ಬಂತು? ನನ್ನ ಸಂಬಳದಿಂದ ಎಂಬುದು ಅರ್ಧಸತ್ಯ. ನನ್ನ ಸರೀಕರು ಹಲವರು ಅದೇ ಸಂಬಳ ಪಡೆದು ಸಾಲಗಾರರಾಗಿ ನಿವೃತ್ತರಾದರು. ಸುಗ್ಗಿಯಲ್ಲಿ ವರ್ಷದ ಜೋಳ, ತೊಗರಿ ಕೊಂಡು ಹಗೇವಿನಂತೆ ಕಾಪಾಡಿದವಳು, ಮಕ್ಕಳ ಅಂಗಿ ತಾನೇ ಹೊಲಿದವಳು, ಮನೆಖರ್ಚಿಗೆ ಕೊಟ್ಟದ್ದರಲ್ಲಿ ಪ್ರತಿ ತಿಂಗಳು ಉಳಿಸಿ ಅಂಚೆ ಕಚೇರಿಯ ಆರ್‌ಡಿಗೆ ಕಟ್ಟಿದವಳು ಆಕೆ. ಆ ಪಾಸ್‌ಪುಸ್ತಕದ ಮೇಲಿದ್ದ ಹೆಸರು ಮಾತ್ರ ನನ್ನದು. ‘ಸಹಿ ಮಾಡಲು ನೀವು ಅಲೆಯುವುದೇಕೆ’ ಎಂಬ ಉಪಕಾರದ ಮಾತಿನಲ್ಲಿ ನಾನೇ ಹಾಗೆ ಮಾಡಿಸಿದ್ದು.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಎ.ಸಿ. ಪಿಗು 1920ರಲ್ಲೇ ಈ ವಿಚಿತ್ರವನ್ನು ಗುರುತಿಸಿದ್ದರು: ಒಬ್ಬಾತ ಸಂಬಳ ಕೊಡುತ್ತಿದ್ದ ಮನೆಗೆಲಸದವಳನ್ನೇ ಮದುವೆಯಾದರೆ ಕೆಲಸ ಅಷ್ಟೇ ಇದ್ದರೂ ರಾಷ್ಟ್ರೀಯ ವರಮಾನ ಕುಗ್ಗುತ್ತದೆ. ಎಂ.ಎ. ತರಗತಿಯಲ್ಲಿ ಇದನ್ನು ಕೇಳಿ ನಕ್ಕಿದ್ದೆವು. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ವೇತನವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ವ್ಯಯಿಸಿದರೆ, ಹಾಗೆ ತೊಡಗಿದ ಪುರುಷರು ವ್ಯಯಿಸುವುದು 88 ನಿಮಿಷ. ಪಿಗು ಅವರ ಒಗಟು ನಲವತ್ತು ವರ್ಷ ನನ್ನ ಮನೆಯಲ್ಲೇ ಇತ್ತು. ವೀಸಾ ಅರ್ಜಿ ಅದನ್ನು ಓದಿ ಹೇಳಿತು, ಅಷ್ಟೆ.

ದಾಖಲೆಯ ವಿಷಯದಲ್ಲೂ ಹೀಗೆಯೇ. ಆಕೆಯ ಜನನ ಪ್ರಮಾಣಪತ್ರವಿಲ್ಲ. ಶಾಲೆಯಲ್ಲಿ ಮೇಷ್ಟ್ರು ಬರೆದ ಜೂನ್ 1 ಹುಟ್ಟಿದ ದಿನವಾಗಿದೆ. ಒಂದರಲ್ಲಿ ತಂದೆಯ ಹೆಸರಿನ ಇನಿಷಿಯಲ್, ಇನ್ನೊಂದರಲ್ಲಿ ನನ್ನದು. ಹುಟ್ಟಿದ ಜಿಲ್ಲೆಯದು ಮತ್ತೊಂದು ಕಥೆ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿತು. ಇದ್ದಲ್ಲಿಂದ ಕದಲದ ತವರುಮನೆ ಮೂರು ಬಾರಿ ಜಿಲ್ಲೆ ಬದಲಿಸಿತು. ಹರಪನಹಳ್ಳಿಯಲ್ಲೇ ಹುಟ್ಟಿದ ಬೀಚಿಯವರು ಬದುಕಿದ್ದರೆ ಇದೊಂದೇ ವಸ್ತುವಿನಲ್ಲಿ ಒಂದು ಪುಸ್ತಕ ಬರೆಯುತ್ತಿದ್ದರು. ಪಾಸ್‌ಪೋರ್ಟಿಗಾಗಿ ಆಕೆ ಪ್ರಮಾಣಪತ್ರದ ಮೇಲೆ ಪ್ರಮಾಣಪತ್ರ ಸಲ್ಲಿಸಿ ‘ನಾನು ನಾನೇ’ ಎಂದು ಸಾಬೀತುಪಡಿಸಬೇಕಾಯಿತು. ನನಗೆ ಆ ತೊಂದರೆಯೇ ಬರಲಿಲ್ಲ. ಸೇವಾ ಪುಸ್ತಕ, ಪಿಂಚಣಿ ಆದೇಶ, ಆದಾಯ ತೆರಿಗೆ ವಿವರ ಎಲ್ಲವೂ ನನ್ನನ್ನು ನಾನೆಂದು ಕೂಗಿ ಹೇಳುತ್ತಿದ್ದವು.

ಆಗ ನನಗೆ ನೆನಪಾದದ್ದು ಒಬ್ಬ ಹೆಂಗಸು. ನಾನು ತಹಶೀಲ್ದಾರನಾಗಿದ್ದ ಒಂದು ತಾಲ್ಲೂಕಿನಲ್ಲಿ, ಗಂಡ ತೀರಿಕೊಂಡ ಮೇಲೆ ವಾರಸಾ ಪ್ರಮಾಣಪತ್ರಕ್ಕಾಗಿ ಬಂದಿದ್ದರು. ಪಡಿತರ ಚೀಟಿಯಲ್ಲಿ ಒಂದು ಹೆಸರು, ಮತದಾರರ ಪಟ್ಟಿಯಲ್ಲಿ ಇನ್ನೊಂದು. ‘ಸರಿಪಡಿಸಿಕೊಂಡು ಬನ್ನಿ ತಾಯಿ’ ಎಂದು ಮೂರು ಸಲ ಹಿಂದಕ್ಕೆ ಕಳುಹಿಸಿದೆ. ನಿಯಮದ ಪ್ರಕಾರ ನಾನು ಮಾಡಿದ್ದು ಸರಿ. ನಾಲ್ಕನೆಯ ಸಲ ಆಕೆ ಬರಲಿಲ್ಲ. ಏನಾಯಿತೆಂದು ನಾನು ವಿಚಾರಿಸಲೂ ಇಲ್ಲ. ನಾಳೆ ನಾನಿಲ್ಲದ ದಿನ ನನ್ನ ಪತ್ನಿ ಎಷ್ಟು ಕಚೇರಿಗಳ ಜಗುಲಿಯಲ್ಲಿ ಹಾಗೆ ಕೂರಬೇಕಾದೀತೆಂಬ ಯೋಚನೆ ಅರ್ಜಿ ತುಂಬಿದ ಆ ರಾತ್ರಿ ನಿದ್ದೆ ಕೆಡಿಸಿತು. ಪ್ಯಾರಿಸ್ ನೋಡದಿದ್ದರೆ ನಷ್ಟವಿಲ್ಲ. ತಾನು ದುಡಿದದ್ದು ತನ್ನದೆಂದು ತೋರಿಸಲಾಗದಿದ್ದರೆ ಅದು ನಷ್ಟ.

ವಿಪರ್ಯಾಸವೆಂದರೆ ನಮ್ಮ ಅದೇ ತಾಲ್ಲೂಕುಗಳ ಬಡ ಹೆಂಗಸರು ಈ ವಿಷಯದಲ್ಲಿ ಮುಂದಿದ್ದಾರೆ. 2000ದ ದಶಕದ ಆರಂಭದಿಂದ ಸ್ತ್ರೀಶಕ್ತಿ ಸಂಘಗಳು ಅವರಿಗೆ ಉಳಿತಾಯದ ಲೆಕ್ಕವನ್ನು ಸ್ವಂತ ಹೆಸರಿನಲ್ಲಿ ಇಡಲು ಕಲಿಸಿದವು. 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಯಜಮಾನಿಯ ಖಾತೆಗೇ ಜಮೆಯಾಗುತ್ತದೆ. ತೆರಿಗೆ ಕಟ್ಟುವ ವರ್ಗದ ಗೃಹಿಣಿಗೆ ಸಂಘವೂ ಇಲ್ಲ, ಯೋಜನೆಯೂ ಇಲ್ಲ. ಗಂಡನ ಸೌಜನ್ಯವೊಂದೇ ಆಧಾರ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ತೀರ್ಪೊಂದರಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು, ಗೃಹಿಣಿಗೆ ಜಂಟಿ ಖಾತೆ, ಎಟಿಎಂ ಕಾರ್ಡುಗಳ ಮೂಲಕ ಆರ್ಥಿಕ ಭದ್ರತೆ ನೀಡುವುದು ಪತಿಯ ಹೊಣೆ ಎಂಬ ಅರ್ಥದಲ್ಲಿ ಬರೆದರು. ಅದು ಕೆಳವರ್ಗಕ್ಕೆ ಹೇಳಿದ ಬುದ್ಧಿವಾದವಲ್ಲ, ನನ್ನಂಥವರಿಗೆ ಹೇಳಿದ್ದು.

ಆದ್ದರಿಂದ ನನ್ನ ಸಲಹೆ ಸರಳ. ಮನೆಯವರೊಡನೆ ಪ್ರವಾಸದ ಯೋಜನೆ ಹಾಕಿ, ವಿದೇಶಕ್ಕಲ್ಲದಿದ್ದರೆ ಹಂಪಿಗಾದರೂ ಸರಿ. ಎಲ್ಲರನ್ನೂ ಕೂರಿಸಿಕೊಂಡು ಖರ್ಚಿನ ಪಟ್ಟಿ ಮಾಡಿ. ಯಾರ ಹೆಸರಿನಲ್ಲಿ ಏನಿದೆ ಎಂಬುದು ಅಲ್ಲಿ ತಾನಾಗಿ ಬಯಲಾಗುತ್ತದೆ. ಉಳಿತಾಯದ ಒಂದು ಪಾಲನ್ನು ಆಕೆಯ ಖಾತೆಗೆ ಹಾಕಿ, ಉಳಿದದ್ದನ್ನು ಜಂಟಿಯಾಗಿಸಿ. ಆಕೆಯ ಹೆಸರು, ಹುಟ್ಟಿದ ದಿನ ಎಲ್ಲ ದಾಖಲೆಗಳಲ್ಲಿ ಒಂದೇ ಆಗುವಂತೆ ಈಗಲೇ ಸರಿಪಡಿಸಿ. ಇದಕ್ಕೆ ವೀಸಾ ಅಧಿಕಾರಿಯೋ ಸಾವೋ ನಿಮ್ಮನ್ನು ಒತ್ತಾಯಿಸುವವರೆಗೆ ಕಾಯಬೇಡಿ.

ನಮ್ಮ ಪ್ರಯಾಣವನ್ನು ಕೆಲವು ತಿಂಗಳು ಮುಂದಕ್ಕೆ ಹಾಕಿದ್ದೇವೆ. ಠೇವಣಿಯೊಂದು ಅವಧಿ ಮುಗಿದು ಬಂದ ಹಣವನ್ನು ಪತ್ನಿಯ ಹೆಸರಿನ ಹೊಸ ಖಾತೆಗೆ ವರ್ಗಾಯಿಸಿದ್ದೇನೆ. ಅರ್ಜಿಯ ಜೊತೆ ಕೆಲವು ತಿಂಗಳ ಬ್ಯಾಂಕ್ ವಿವರ ಬೇಕಲ್ಲ, ಅದು ಆಕೆಯದೇ ಆಗಿರಲಿ ಎಂದು. ಮೊದಲಿನ ಅರ್ಜಿಯನ್ನು ಹರಿದು ಹಾಕಿ ಹೊಸದನ್ನು ಆಕೆಯೇ ಮೊಮ್ಮಗಳ ನೆರವಿನಿಂದ ತುಂಬಿದ್ದಾಳೆ. ಉದ್ಯೋಗ: ಗೃಹಿಣಿ. ಖರ್ಚು ಭರಿಸುವವರು: ಸ್ವತಃ ಅರ್ಜಿದಾರರು. ಕೆಳಗೆ ಹರಪನಹಳ್ಳಿಯ ಶಾಲೆಯಲ್ಲಿ ಕಲಿತ ದುಂಡನೆಯ ಕನ್ನಡ ಅಕ್ಷರದಲ್ಲಿ ಸಹಿ ಇದೆ.