ನಿಷೇಧವೂ ಬೇಕು, ಹಿರಿಯರ ನಡೆಯೂ ಬೇಕು



ಕಳೆದ ಕಾರ್ತಿಕ ಮಾಸದಲ್ಲಿ ಮುಂಡರಗಿ ತಾಲೂಕಿನ ಒಂದು ಹಳ್ಳಿಗೆ ಪಾದಪೂಜೆಗಾಗಿ ಹೋಗಿದ್ದೆವು. ಪೂಜೆ, ಪ್ರಸಾದ ಮುಗಿದ ಮೇಲೆ ಆ ಮನೆಯ ಹಿರಿಯ ತಾಯಿಯವರು ಸೆರಗಿನ ಗಂಟು ಬಿಚ್ಚಿ ಒಂದು ವಸ್ತುವನ್ನು ನಮ್ಮ ಮುಂದೆ ಇಟ್ಟರು. ಬೆರಳುದ್ದ, ನೋಡಲು ಪೆನ್ನಿನಂತೆ. ಮೂಗಿನ ಹತ್ತಿರ ಹಿಡಿದರೆ ಮಾವಿನ ಹಣ್ಣಿನ ವಾಸನೆ. "ಅಜ್ಜಾರ, ಹುಬ್ಬಳ್ಳ್ಯಾಗ ಓದಾಕ ಹೋಗ್ಯಾನಲ್ಲ ನನ್ನ ಮೊಮ್ಮಗ, ಅವನ ಚೀಲದಾಗ ಸಿಕ್ಕೇತ್ರಿ. ಕೇಳಿದ್ರ ಏನೂ ಅಲ್ಲ ಅಂತಾನ. ಇದೇನ್ರಿ?" ಎಂದು ಕೇಳಿದರು.

ಅದು ಇ-ಸಿಗರೇಟು. ವೇಪ್ ಎಂದೂ ಕರೆಯುತ್ತಾರೆ. ಹುಡುಗ ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದ. ಹತ್ತಿರ ಕರೆದೆವು. ಅಂಜದೆ ಮಾತಾಡಿದ: "ಅಜ್ಜಾರ, ಇದರಾಗ ಬೆಂಕಿ ಇಲ್ರಿ, ಬೂದಿ ಇಲ್ರಿ. ನಮ್ಮ ಅಜ್ಜ ದಿನಕ್ಕ ಎರಡು ಕಟ್ಟು ಬೀಡಿ ಸೇದ್ತಾನ, ಅದಕ್ಕ ಸರಕಾರ ಏನೂ ಅನ್ನಂಗಿಲ್ಲ. ಇದನ್ನಷ್ಟ ಯಾಕ ಬಂದ್ ಮಾಡ್ಯಾರ್ರಿ?" ಅವನ ಅಜ್ಜ ಮೆಲ್ಲಗೆ ಎದ್ದು ಅಂಗಳಕ್ಕೆ ಹೋದರು.

ಹುಡುಗನ ಪ್ರಶ್ನೆ ಉಡಾಫೆಯದಲ್ಲ. ಉತ್ತರ ಕೊಡುವುದು ನಮ್ಮ ಕರ್ತವ್ಯ. ಅಡ್ಡಪಲ್ಲಕ್ಕಿ ಮತ್ತು ಧರ್ಮಸಭೆ ಇಷ್ಟೇ ಮಠದ ಕೆಲಸವೆಂದು ತಿಳಿದವರು ಬೇಕಾದರೆ ಬೇಸರಪಡಲಿ.

ಕರ್ನಾಟಕ ಸರಕಾರ 2016ರಲ್ಲಿಯೇ ಇ-ಸಿಗರೇಟನ್ನು ನಿಷೇಧಿಸಿತು. ಕೇಂದ್ರ ಸರಕಾರ 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ತಂದು, ಅದೇ ಡಿಸೆಂಬರಿನಲ್ಲಿ ಕಾಯ್ದೆ ಮಾಡಿತು. ಅದರಂತೆ ಇದನ್ನು ತಯಾರಿಸುವುದು, ಆಮದು ಮಾಡುವುದು, ಮಾರುವುದು, ದಾಸ್ತಾನು ಇಡುವುದು, ಜಾಹೀರಾತು ಕೊಡುವುದು ಎಲ್ಲವೂ ಅಪರಾಧ. ಮಾರಿದವರಿಗೆ ಮೊದಲ ಸಲ ಒಂದು ವರ್ಷದವರೆಗೆ ಸೆರೆವಾಸ ಇಲ್ಲವೆ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಸೆರೆವಾಸ, 5 ಲಕ್ಷದವರೆಗೆ ದಂಡ. ಹೊಗೆಯಿಲ್ಲ ಎಂಬ ಮಾತಿನಲ್ಲಿ ಅರ್ಧವೇ ಸತ್ಯ. ಒಳಗಿರುವ ದ್ರಾವಣವನ್ನು ಬ್ಯಾಟರಿಯ ಕಾವು ಆವಿ ಮಾಡುತ್ತದೆ. ಆ ಆವಿಯಲ್ಲಿರುವ ನಿಕೋಟಿನ್ ತಂಬಾಕಿನಲ್ಲಿರುವ ನಿಕೋಟಿನ್ನೇ. ಮಾವಿನ ವಾಸನೆ ಬರಿಯ ಮೇಲಿನ ಹೊದಿಕೆ.

ಹಾಗಾದರೆ ಬೀಡಿ ಯಾಕೆ ಉಳಿಯಿತು? ಮುಂಡರಗಿ, ಶಿರಹಟ್ಟಿ ಕಡೆಯ ರೈತರಿಗೆ ಬಳ್ಳಾರಿ ಜಾಲಿಯ ಕಥೆ ಹೇಳಬೇಕಾಗಿಲ್ಲ. ಸಸಿ ಇದ್ದಾಗ ಎರಡು ಬೆರಳಿನಲ್ಲಿ ಕಿತ್ತು ಬಿಸಾಡಬಹುದು. ಬೇರು ಬಿಟ್ಟಮೇಲೆ ಜೆಸಿಬಿ ತಂದರೂ ಮರುವರ್ಷ ಮತ್ತೆ ಚಿಗುರುತ್ತದೆ. ತಂಬಾಕು ಬೇರು ಬಿಟ್ಟ ಜಾಲಿ. ಪಿರಿಯಾಪಟ್ಟಣ, ಹುಣಸೂರಿನ ರೈತರು ಅದನ್ನು ಬೆಳೆಯುತ್ತಾರೆ. ನಿಪ್ಪಾಣಿಯ ಬೆಳೆಗಾರರು 1981ರಲ್ಲಿ ಬೆಲೆಗಾಗಿ ರಸ್ತೆಗಿಳಿದು ಹೋರಾಡಿದ್ದು ಹಿರಿಯರ ನೆನಪಿನಲ್ಲಿದೆ. ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ತಾಯಂದಿರು ಎಷ್ಟೋ ಜನ. ಅವರ ಅನ್ನವನ್ನು ಒಂದೇ ದಿನದಲ್ಲಿ ಕಸಿಯಲು ಯಾವ ಸರಕಾರಕ್ಕೂ ಆಗದು. ಇ-ಸಿಗರೇಟಿಗೆ ನಮ್ಮ ನಾಡಿನಲ್ಲಿ ಅಂಥ ಬೇರು ಇರಲಿಲ್ಲ. ಸಸಿ ಇದ್ದಾಗಲೇ ಕಿತ್ತರು. ಒಂದು ಕಳೆ ಹೊಲ ತುಂಬಿದೆ ಎಂದು ಎರಡನೆಯ ಕಳೆಯ ಬೀಜವನ್ನೂ ಚೆಲ್ಲುವ ಒಕ್ಕಲಿಗ ಎಲ್ಲಿದ್ದಾನೆ?

ಓದಿದವರು ಇನ್ನೊಂದು ವಾದ ಮಾಡುತ್ತಾರೆ. ಇಂಗ್ಲೆಂಡಿನಲ್ಲಿ ಸಿಗರೇಟು ಬಿಡಿಸಲು ಸರಕಾರವೇ ಇದನ್ನು ಕೊಡುತ್ತದೆ ಎನ್ನುತ್ತಾರೆ. ನಿಜ. ಹತ್ತು ಲಕ್ಷ ಧೂಮಪಾನಿಗಳಿಗೆ ಕೊಡುವ ಯೋಜನೆಯನ್ನು ಅಲ್ಲಿ 2023ರಲ್ಲಿ ಪ್ರಕಟಿಸಿದರು. ಸುಟ್ಟ ತಂಬಾಕಿಗಿಂತ ಇದರ ಹಾನಿ ಕಡಿಮೆ ಎಂದು ಅಲ್ಲಿಯ ವೈದ್ಯರು ಹೇಳುವುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದೇ ದೇಶ, ಎಳೆಯರ ಕೈಗೆ ಹೋಗುತ್ತಿದೆ ಎಂದು, ಒಮ್ಮೆ ಬಳಸಿ ಎಸೆಯುವ ವೇಪನ್ನು 2025ರ ಜೂನ್ 1ರಿಂದ ನಿಷೇಧಿಸಿತು. ಮುಳುಗುತ್ತಿರುವವನಿಗೆ ಹಗ್ಗ ಎಸೆಯುವುದು ಬೇರೆ, ದಡದ ಮೇಲೆ ನಿಂತವನ ಕೊರಳಿಗೆ ಅದನ್ನೇ ಕಟ್ಟುವುದು ಬೇರೆ. ಆ ಹುಡುಗ ಒಂದು ಬೀಡಿಯನ್ನೂ ಸೇದಿದವನಲ್ಲ.

"ಸೇದುವುದು ಬಿಡುವುದು ಅವನವನ ಇಚ್ಛೆ" ಎಂಬ ಮಾತೂ ಕೇಳಿಬರುತ್ತದೆ. ಇದಕ್ಕೆ ಶಾಸ್ತ್ರದಿಂದಲ್ಲ, ನಮ್ಮ ಬಾಳಿನಿಂದಲೇ ಉತ್ತರ ಹೇಳಬೇಕಾಗಿದೆ. ನಾವು ವಟುವಾಗಿ ವ್ಯಾಕರಣ ಓದುತ್ತಿದ್ದಾಗ ನಮ್ಮ ಪಂಡಿತರು ಕಠಿಣ ಸೂತ್ರ ಬಂದಲ್ಲಿ ನಿಲ್ಲಿಸಿ ಒಂದು ಚಿಟಿಕೆ ನಶ್ಯ ಏರಿಸುತ್ತಿದ್ದರು. ನಾವೂ ಕಲಿತೆವು. ಸೂತ್ರಕ್ಕಿಂತ ಬೇಗ ಬಂದ ವಿದ್ಯೆ ಅದು. ಪಟ್ಟಕ್ಕೆ ಬಂದ ಮೇಲೂ ಹಿತ್ತಾಳೆಯ ಡಬ್ಬಿ ಕಾವಿಯ ಮಡಿಕೆಯಲ್ಲಿತ್ತು. ಒಮ್ಮೆ ಶಿರಹಟ್ಟಿ ಸಮೀಪದ ಹಳ್ಳಿಯಲ್ಲಿ ಒಂದು ಪುಟ್ಟ ಕೂಸಿನ ಹಣೆಗೆ ವಿಭೂತಿ ಹಚ್ಚಲು ಹೋದರೆ ಅದು ಮುಖ ತಿರುಗಿಸಿ, "ಅಜ್ಜಾರ ಕೈ ನಾರತೈತಿ" ಎಂದಿತು. ತಾಯಿ ಅದರ ಬಾಯಿ ಮುಚ್ಚಿದಳು. ನಶ್ಯ ಹಿಡಿದ ಬೆರಳಿನಲ್ಲಿಯೇ ವಿಭೂತಿ ಹಿಡಿದಿದ್ದೆವು.

ಅಂದೇ ಡಬ್ಬಿಯನ್ನು ಬಾವಿಗೆ ಎಸೆದೆವು. ಎಂಟನೆಯ ದಿನ ಹೊಸದು ತರಿಸಿದೆವು. ತಲೆ ಸಿಡಿಯುತ್ತಿತ್ತು, ಶಿಷ್ಯರ ಮೇಲೆ ಸಿಟ್ಟು ಬರುತ್ತಿತ್ತು, ಪೂಜೆಗೆ ಕುಳಿತರೆ ಚಿತ್ತ ಡಬ್ಬಿಯ ಕಡೆಗೆ. ಮತ್ತೊಮ್ಮೆ ಬಿಟ್ಟು ಮತ್ತೆ ಹಿಡಿದೆವು. ಮೂರನೆಯ ಸಲ ಬಿಟ್ಟಿತು. ಕೈಯಲ್ಲಿ ಇಷ್ಟಲಿಂಗ, ಬಾಯಲ್ಲಿ ಶಾಸ್ತ್ರ ಇದ್ದ ನಮ್ಮ ಇಚ್ಛೆಗೆ ಇಷ್ಟೇ ಬಲವಿತ್ತು. ಹದಿನೆಂಟರ ಹುಡುಗನ ಇಚ್ಛೆಯ ಮೇಲೆ ಎಲ್ಲವನ್ನೂ ಬಿಡಿ ಎನ್ನುವವರಿಗೆ ಆ ಎಂಟು ದಿನ ಗೊತ್ತಿಲ್ಲ.

ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲ ಮೊದಲು, ಪ್ರಾಣಲಿಂಗಿಸ್ಥಲ ಅದರ ನಂತರ. ಲಿಂಗಕ್ಕೆ ಅರ್ಪಿಸದೆ ಏನನ್ನೂ ಸೇವಿಸಬಾರದು ಎಂಬುದು ಪ್ರಸಾದಿಯ ವ್ರತ. ಬೀಡಿ, ನಶ್ಯ, ಗುಟ್ಕಾ, ಈ ಮಾವಿನ ವಾಸನೆಯ ಆವಿ, ಇವುಗಳಲ್ಲಿ ಯಾವುದನ್ನು ಅಂಗೈಯ ಲಿಂಗಕ್ಕೆ ತೋರಿಸಿ ಸ್ವೀಕರಿಸುವ ಧೈರ್ಯ ನಮಗಿದೆ? ಪ್ರಾಣವೇ ಲಿಂಗವೆಂದು ತಿಳಿಯಬೇಕಾದವರು ಉಸಿರಿನ ದಾರಿಯಲ್ಲಿಯೇ ಅನರ್ಪಿತವನ್ನು ತುಂಬಿಕೊಂಡು ಮುಂದಿನ ಸ್ಥಲಕ್ಕೆ ಏರುವುದು ಹೇಗೆ?

ಕಾಯ್ದೆ ಇರಲಿ, ಬಿಗಿಯಾಗಿಯೇ ಇರಲಿ. ಆದರೆ ಕಾಯ್ದೆಯ ಕೈ ಎಷ್ಟು ಉದ್ದ ಎಂಬುದನ್ನು ಗುಟ್ಕಾದಲ್ಲಿ ನೋಡಿದ್ದೇವೆ. ಅದನ್ನು ನಮ್ಮ ರಾಜ್ಯದಲ್ಲಿ 2013ರಲ್ಲಿ ನಿಷೇಧಿಸಿದರು. ಆಮೇಲೆ ಅಂಗಡಿಗಳಲ್ಲಿ ಮಸಾಲೆಯ ಚೀಟು ಒಂದು ಕಡೆ, ತಂಬಾಕಿನ ಚೀಟು ಇನ್ನೊಂದು ಕಡೆ ತೂಗಾಡಿದವು. ಗಿರಾಕಿ ಅಂಗೈಯಲ್ಲಿ ಬೆರೆಸಿಕೊಂಡ. ರಾಜ್ಯದ ತಿದ್ದುಪಡಿ ಕಾಯ್ದೆ 2025ರಲ್ಲಿ ಜಾರಿಗೆ ಬಂದ ಮೇಲೆ 21 ವರ್ಷದೊಳಗಿನವರಿಗೆ ಯಾವ ತಂಬಾಕನ್ನೂ ಮಾರುವಂತಿಲ್ಲ, ಶಾಲೆಯಿಂದ 100 ಮೀಟರಿನೊಳಗೆ ಮಾರುವಂತಿಲ್ಲ. ಆದರೆ ಗದಗ-ಬೆಟಗೇರಿಯ ಓಣಿಯಲ್ಲಾಗಲಿ, ಲಕ್ಷ್ಮೇಶ್ವರದ ಪೇಟೆಯಲ್ಲಾಗಲಿ ಕೂಸಿನ ಕೈಗೆ ರೊಕ್ಕ ಕೊಟ್ಟು "ಒಂದು ಕಟ್ಟು ಬೀಡಿ ತೊಗೊಂಬಾ" ಎಂದು ಕಳಿಸುವವರು ಯಾರು? ಅಂಗಡಿಯವನಿಗಿಂತ ಮೊದಲು ಈ ಮಾತಿಗೆ ಹಿರಿಯರಾದ ನೀವು ಉತ್ತರ ಹೇಳಬೇಕು. ನಿಮ್ಮನ್ನು ನೋಯಿಸಲು ಬರೆಯುತ್ತಿಲ್ಲ. ಆ ಅಜ್ಜ ಅಂಗಳಕ್ಕೆ ಎದ್ದುಹೋದದ್ದು ನಮ್ಮ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಊರೂರು ತಿರುಗಿದರು. ಅವರು ಕೇಳಿದ್ದು ಕಾಣಿಕೆಯನ್ನಲ್ಲ, ಜನರ ದುಶ್ಚಟಗಳನ್ನು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಮಠದ ಪರಂಪರೆ ಬೇರೆಯಾದರೂ ಆ ಜೋಳಿಗೆಗೆ ನಾವು ತಲೆಬಾಗುತ್ತೇವೆ.

ಬರುವ ಶ್ರಾವಣದ ಪ್ರವಚನದಲ್ಲಿ ನಾವೂ ಜೋಳಿಗೆ ಹಿಡಿದು ಈ ಭಾಗದ ಹಳ್ಳಿಗಳಿಗೆ ಬರುತ್ತೇವೆ. ಮಕ್ಕಳನ್ನು ಮುಂದೆ ಕೂಡ್ರಿಸಿರಿ. ಮೊದಲು ಹಿರಿಯರು ಎದ್ದು ಬರಲಿ. ಬಿಟ್ಟ ಮೇಲೆ ತಲೆನೋವು, ತಳಮಳ ತಡೆಯದಿದ್ದರೆ ನಾಚಿಕೆಪಡಬೇಡಿರಿ. ಸರಕಾರಿ ದವಾಖಾನೆಯಲ್ಲಿ ಕೇಳಿರಿ, ಇಲ್ಲವೆ 1800-11-2356 ಎಂಬ ಉಚಿತ ಸಂಖ್ಯೆಗೆ ಫೋನು ಮಾಡಿರಿ. ನಮ್ಮ ಕಾಲಕ್ಕೆ ಅದಿರಲಿಲ್ಲ.

ಆ ಹುಡುಗನ ಪೆನ್ನು ನಮ್ಮಲ್ಲಿಯೇ ಇದೆ. ಒಳಗೆ ಬ್ಯಾಟರಿ ಇರುವುದರಿಂದ ಒಲೆಗೆ ಹಾಕುವಂತಿಲ್ಲ. ಜೋಳಿಗೆಗೆ ಮೊದಲು ಅಜ್ಜನ ಬೀಡಿ ಕಟ್ಟು ಬೀಳಲಿ, ಅದರ ಹಿಂದೆ ಇದನ್ನು ಹಾಕುತ್ತೇನೆಂದು ಹುಡುಗ ನಮಗೆ ಮಾತು ಕೊಟ್ಟಿದ್ದಾನೆ. ಅಜ್ಜನಿಗೆ ಹೇಳಿ ಕಳಿಸಿದ್ದೇವೆ.